ಎಂಟು ಜನರಿಗೆ ಮನೆಯಲ್ಲೇ ರಾತ್ರಿಯೂಟ: ಮೆನುವಿಗೆ ಮೊದಲು ಒಲೆಯ ಲೆಕ್ಕ

ಊಟಕ್ಕೆ ಬಂದವರು ನಡುಮನೆಯಲ್ಲಿ ಕೂತಿರುತ್ತಾರೆ, ಕರೆದವರು ಅಡುಗೆಮನೆ ಬಿಟ್ಟು ಈಚೆ ಬರುವುದೇ ಇಲ್ಲ. ಮನೆಯ ಔತಣಗಳು ಕಳೆಗುಂದುವುದು ಹೆಚ್ಚಾಗಿ ಹೀಗೆಯೇ. ರುಚಿಯಲ್ಲಿ ಕೊರತೆ ಇರುವುದಿಲ್ಲ. ಕೊನೆಯ ಒಂದು ಗಂಟೆಗೆ ವಿಪರೀತ ಕೆಲಸ ಉಳಿದಿರುತ್ತದೆ. ಎಷ್ಟು ಬರ್ನರ್ ಇವೆ, ಫ್ರಿಜ್ಜಿನಲ್ಲಿ ಎಷ್ಟು ಜಾಗವಿದೆ, ದೊಡ್ಡ ಪಾತ್ರೆ ಯಾವುದು ಎಂದು ನೋಡಿಕೊಂಡು ಮೆನು ಬರೆದರೆ ಈ ಪೇಚು ತಪ್ಪುತ್ತದೆ.

ಎಷ್ಟು ಜನ, ಏನು ಕೇಳಬೇಕು

ಮೊದಲ ಸಲಕ್ಕೆ ಆರರಿಂದ ಎಂಟು ಜನ ಸಾಕು. ಮೇಜಿಗೆ ಕೂರಿಸುವುದಾದರೆ ಒಬ್ಬರಿಗೆ 60 ಸೆಂ.ಮೀ. ಅಗಲ ಬೇಕು. 180 ಸೆಂ.ಮೀ. ಉದ್ದದ ಮೇಜಾದರೆ ಬದಿಗೆ ಮೂವರು, ತುದಿಗೆ ಒಬ್ಬೊಬ್ಬರಂತೆ ಎಂಟು ಜನ ಕೂರಬಹುದು. ಜಾಗ ಸಾಲದಿದ್ದರೆ ಬಫೆ ಇಡಿ. ಆದರೆ ತಟ್ಟೆಯನ್ನು ಕೈಯಲ್ಲೇ ಹಿಡಿದು ತಿನ್ನುವವರಿಗೆ ಕತ್ತರಿಸಿ ತಿನ್ನಬೇಕಾದ ಪದಾರ್ಥ ಬೇಡ.

ಕರೆಯುವಾಗಲೇ ‘ಏನು ತಿನ್ನುವುದಿಲ್ಲ, ಯಾವುದಾದರೂ ಅಲರ್ಜಿ ಇದೆಯಾ’ ಎಂದು ಬಿಡಿಸಿ ಕೇಳಿ. ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಎಳ್ಳು, ಮೀನು, ಸಿಗಡಿ-ಏಡಿ ಇವೇ ಸಾಮಾನ್ಯವಾಗಿ ತೊಂದರೆ ಕೊಡುವಂಥವು. ಅಲರ್ಜಿ ಇದ್ದವರಿಗೆ ಬಡಿಸುವಾಗ ಮೇಲಿನಿಂದ ಗೋಡಂಬಿ ತೆಗೆದಿಟ್ಟರೆ ಸಾಲದು. ಅದೇ ಎಣ್ಣೆ, ಅದೇ ಸೌಟು, ಅದೇ ಮಣೆಯಿಂದಲೂ ಅದರ ಅಂಶ ದಾಟಿಬಿಡುತ್ತದೆ. ಆ ಪದಾರ್ಥವನ್ನು ಅಂದಿನ ಅಡುಗೆಯಿಂದಲೇ ಕೈಬಿಡುವುದು ಸುಲಭ, ಸುರಕ್ಷಿತ ಕೂಡ.

ಐದೇ ಪದಾರ್ಥ, ಅದರಲ್ಲಿ ಕೊನೆ ಗಳಿಗೆಯದ್ದು ಒಂದೇ

ಎರಡು ಪದಾರ್ಥ ಹಿಂದಿನ ದಿನವೇ ಮುಗಿಯಲಿ: ಒಂದು ಗ್ರೇವಿ, ಒಂದು ಸಿಹಿ. ಸಲಾಡಿನಂತೆ ಬಿಸಿ ಮಾಡಬೇಕಿಲ್ಲದ್ದು ಒಂದಿರಲಿ. ಅನ್ನ ಅಥವಾ ಬ್ರೆಡ್ ಒಂದು. ಒಲೆಯ ಮುಂದೆ ನಿಂತೇ ಮಾಡಬೇಕಾದದ್ದು ಒಂದೇ ಒಂದು.

ಕರಿದ ತಿಂಡಿಯ ಆಸೆ ಇದ್ದರೆ ಲೆಕ್ಕ ಹಾಕಿ ನೋಡಿ. ತಲೆಗೆ ಎರಡರಂತೆ ಹದಿನಾರು. ಬಾಣಲೆಯಲ್ಲಿ ಒಮ್ಮೆಗೆ ನಾಲ್ಕು ಹಿಡಿಯುತ್ತವೆ ಎಂದರೆ ನಾಲ್ಕು ಸರದಿ. ಸರದಿಗೆ ನಾಲ್ಕೈದು ನಿಮಿಷ, ನಡುವೆ ಎಣ್ಣೆ ಮತ್ತೆ ಕಾಯಲು ಒಂದೆರಡು ನಿಮಿಷ. ಕಾಯದ ಎಣ್ಣೆಗೆ ಹಾಕಿದರೆ ಎಣ್ಣೆ ಕುಡಿದು ಜಿಡ್ಡಾಗುತ್ತವೆ. ಅಂತೂ ಇಪ್ಪತ್ತೈದು ನಿಮಿಷ ಕದಲುವಂತಿಲ್ಲ. ಅಷ್ಟರಲ್ಲಿ ಮೊದಲ ಸರದಿಯ ಒಳಗಿನ ತೇವ ಆವಿಯಾಗಿ ಹೊರಬಂದು ಗರಿಗರಿ ಪದರವನ್ನು ಮೆತ್ತಗೆ ಮಾಡಿರುತ್ತದೆ. ಮುಚ್ಚಿಟ್ಟರೆ ಇನ್ನೂ ಬೇಗ. ಕರಿಯಲೇಬೇಕೆಂದರೆ ತಂತಿ ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಮುಚ್ಚಬೇಡಿ.

ಹಿಂದೆಂದೂ ಮಾಡದ ಅಡುಗೆಯನ್ನು ಅಂದೇ ಮೊದಲು ಮಾಡುವ ಉತ್ಸಾಹ ಬೇಡ. ಒಮ್ಮೆ ಮನೆಮಂದಿಗೆ ಮಾಡಿ ನೋಡಿ.

ಅಳತೆ

ಅಕ್ಕಿ ತಲೆಗೆ 75 ಗ್ರಾಂ, ಎಂಟು ಜನರಿಗೆ 600 ಗ್ರಾಂ. ಜೊತೆಗೆ ಬ್ರೆಡ್ ಇದ್ದರೆ 400 ಗ್ರಾಂ ಸಾಕು. ಬೇಳೆ-ಕಾಳು ತಲೆಗೆ 40ರಿಂದ 50 ಗ್ರಾಂ. ತರಕಾರಿ, ಸಿಪ್ಪೆ-ತೊಟ್ಟು ತೆಗೆದ ಮೇಲೆ, 150 ಗ್ರಾಂ. ಮಾಂಸವಾದರೆ ಮೂಳೆಯಿಲ್ಲದ್ದು 150 ಗ್ರಾಂ, ಮೂಳೆ ಸಮೇತ 250 ಗ್ರಾಂ. ಊಟಕ್ಕೆ ಮೊದಲಿನ ಕುರುಕು ಒಬ್ಬರಿಗೆ ಮೂರ್ನಾಲ್ಕು ತುಂಡಿನಷ್ಟೇ ಇರಲಿ, ಹೆಚ್ಚಾದರೆ ಊಟದ ಹಸಿವು ಅಲ್ಲೇ ಮುಗಿಯುತ್ತದೆ. ಪದಾರ್ಥ ಹೆಚ್ಚಿದ ಮಾತ್ರಕ್ಕೆ ಯಾರೂ ಎರಡರಷ್ಟು ಉಣ್ಣುವುದಿಲ್ಲ. ಇನ್ನೊಂದು ಗ್ರೇವಿ ಸೇರಿಸಿದರೆ ಎರಡನ್ನೂ ಕಡಿಮೆ ಮಾಡಿ.

ನಾಲ್ಕು ಜನರ ಅಳತೆಯನ್ನು ಇಮ್ಮಡಿಸುವಾಗ ಎಡವುವುದು ನೀರಿನಲ್ಲಿ. ನೀರು ಎಷ್ಟು ಆರುತ್ತದೆ ಎನ್ನುವುದು ಪಾತ್ರೆಯ ಬಾಯಿಯ ಅಗಲವನ್ನು ಅವಲಂಬಿಸಿದೆ. ಪದಾರ್ಥ ಎರಡರಷ್ಟಾದರೂ ಪಾತ್ರೆಯ ಬಾಯಿ ಎರಡರಷ್ಟು ಅಗಲವಾಗಿರುವುದಿಲ್ಲ, ಹಾಗಾಗಿ ಗ್ರೇವಿ ನೀರಾಗಿಯೇ ಉಳಿಯುತ್ತದೆ. ಒಂದೂವರೆ ಪಟ್ಟು ನೀರಿನಿಂದ ಶುರು ಮಾಡಿ, ಬೇಕೆನಿಸಿದರೆ ಬಿಸಿನೀರು ಸೇರಿಸಿ. ಉಪ್ಪು, ಖಾರವೂ ಹಾಗೆಯೇ: ಮೊದಲು ಒಂದೂವರೆ ಪಟ್ಟು, ಉಳಿದದ್ದು ರುಚಿ ನೋಡಿ. ಈರುಳ್ಳಿಯನ್ನು ಒಟ್ಟಿಗೇ ರಾಶಿ ಹಾಕಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಕೆಂಪಗಾಗುವುದಿಲ್ಲ. ಎರಡು ಸಲ ಹುರಿಯಿರಿ.

ತಳ ಹಿಡಿದರೆ ಕೆರೆಯಲು ಹೋಗಬೇಡಿ. ತಕ್ಷಣ ಇಳಿಸಿ, ಸೌಟು ತಳಕ್ಕೆ ತಾಗದಂತೆ ಮೇಲಿನದ್ದನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಕೆರೆದ ಚೂರು ಕಲಸಿಕೊಂಡರೆ ಸೀದ ವಾಸನೆ ಇಡೀ ಗ್ರೇವಿಗೆ ಹತ್ತುತ್ತದೆ. ಉಪ್ಪು ಹೆಚ್ಚಾದರೆ ಆಲೂಗೆಡ್ಡೆ ಹಾಕಿ ಎನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಆಲೂಗೆಡ್ಡೆ ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ, ಉಪ್ಪುನೀರನ್ನು ಹೀರುತ್ತದೆ. ಉಳಿದದ್ದು ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಬೇಯಿಸಿದ ತರಕಾರಿ ಅಥವಾ ಬೇಳೆ ಸೇರಿಸಿ ಪ್ರಮಾಣ ಹಿಗ್ಗಿಸುವುದೇ ದಾರಿ.

ಹಿಂದಿನ ದಿನದ ಅಡುಗೆ ಕೆಡದಂತೆ

ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆಯೊಳಗೆ. ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಇಟ್ಟರೆ ನಡುಭಾಗ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಸಿಂಕಿನಲ್ಲಿ ತಣ್ಣೀರು ನಿಲ್ಲಿಸಿ ಪಾತ್ರೆಯನ್ನು ಅದರಲ್ಲಿಟ್ಟು ತಿರುವುತ್ತಿರಿ. ಬಿಸಿ ಇಳಿದ ಮೇಲೆ ಐದು ಸೆಂ.ಮೀ.ಗಿಂತ ಆಳವಾಗದಂತೆ ಅಗಲದ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗಿಡಿ. ಮರುದಿನ ಅಂಚಿನಲ್ಲಿ ಗುಳ್ಳೆ ಬಂದರೆ ಸಾಲದು, ಇಡೀ ಗ್ರೇವಿ ಕುದಿಯಬೇಕು.

ಅನ್ನ ಅಂದೇ ಆಗಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದರೆ ಅವು ಬೆಳೆದು ವಿಷ ಉಂಟುಮಾಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತಣ್ಣಗೆ ಬಡಿಸುವ ಸಿಹಿಯನ್ನು ಬಿಸಿಯಲ್ಲಿ ರುಚಿ ನೋಡಿ ನಿರ್ಧರಿಸಬೇಡಿ. ತಂಪಿನಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ.

ಎರಡು ಬರ್ನರ್, 8.30ಕ್ಕೆ ಊಟ

ಅತಿಥಿಗಳನ್ನು 7.30ಕ್ಕೆ ಕರೆಯಿರಿ. ತಡವಾಗಿ ಬರುವವರಿಗೂ ಒಂದು ಗಂಟೆ ಕಾಲಾವಕಾಶ ಸಿಗುತ್ತದೆ.

ಎರಡು ದಿನ ಮೊದಲು ಬಡಿಸುವ ಬೋಗುಣಿಗಳನ್ನು ಮೇಜಿನ ಮೇಲಿಟ್ಟು, ಒಂದೊಂದರಲ್ಲೂ ಯಾವ ಪದಾರ್ಥ ಎಂಬ ಚೀಟಿ, ಜೊತೆಗೊಂದು ಸೌಟು ಹಾಕಿಡಿ. ಸೌಟು ಸಾಲದು ಎಂಬುದು ಆಗಲೇ ತಿಳಿಯುತ್ತದೆ, ಊಟಕ್ಕೆ ಕೂತಾಗಲ್ಲ. ಹಿಂದಿನ ದಿನ ಗ್ರೇವಿ, ಸಿಹಿ, ಐಸ್. ಬೆಳಿಗ್ಗೆ ತರಕಾರಿ ಹೆಚ್ಚಿ, ಸಲಾಡ್ ಸೊಪ್ಪನ್ನು ತೊಳೆದು ಬಟ್ಟೆಯಲ್ಲಿ ಒರೆಸಿಡಿ. ಉಪ್ಪು-ಹುಳಿಯನ್ನು ಬಡಿಸುವ ಹೊತ್ತಿಗಷ್ಟೇ ಬೆರೆಸಬೇಕು, ಮೊದಲೇ ಹಾಕಿದರೆ ಸೊಪ್ಪು ನೀರು ಬಿಟ್ಟು ಬಾಡುತ್ತದೆ.

ಸಂಜೆ 6ಕ್ಕೆ ಸಿಂಕ್ ಮತ್ತು ಕಸದ ಬುಟ್ಟಿ ಖಾಲಿಯಾಗಿರಬೇಕು. ಬಚ್ಚಲಲ್ಲಿ ಸೋಪು, ಒಣ ಟವೆಲ್ ಇದೆಯೇ ನೋಡಿ. 6.30ರಿಂದ 7ರವರೆಗೆ ನಿಮ್ಮ ಸ್ನಾನ, ಬಟ್ಟೆ. ಈ ಅರ್ಧ ಗಂಟೆಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಡಿ. 7ಕ್ಕೆ ಕಿಟಕಿ ತೆರೆಯಿರಿ ಅಥವಾ ಫ್ಯಾನ್ ಹಾಕಿ. ಸುಮ್ಮನೆ ಕೂತ ಒಬ್ಬ ವ್ಯಕ್ತಿ ಸುಮಾರು 100 ವಾಟ್ ಶಾಖ ಹೊರಬಿಡುತ್ತಾನೆ. ಎಂಟು ಜನ ಎಂದರೆ ಕೋಣೆಯಲ್ಲಿ 800 ವಾಟಿನ ಹೀಟರ್ ಹಾಕಿದ ಹಾಗೆ.

7.45ಕ್ಕೆ ಮೊದಲ ಬರ್ನರಿನಲ್ಲಿ ಅನ್ನಕ್ಕಿಡಿ. 8ಕ್ಕೆ ಎರಡನೆಯದರಲ್ಲಿ ಗ್ರೇವಿ, ಸಣ್ಣ ಉರಿಯಲ್ಲಿ. ದಪ್ಪಗಾಗಿದ್ದರೆ ಬಿಸಿನೀರು ಹಾಕಿ ಸಡಿಲಿಸಿ. 8.10ರ ಹೊತ್ತಿಗೆ ಅನ್ನ ಇಳಿಯುತ್ತದೆ, ಮುಚ್ಚಿಟ್ಟರೆ ಬಿಸಿ ಉಳಿಯುತ್ತದೆ. ಖಾಲಿಯಾದ ಬರ್ನರ್ ಕೊನೆಯ ಪದಾರ್ಥಕ್ಕೆ. ನಾಲ್ಕನೆಯ ಬಿಸಿ ಪದಾರ್ಥಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಿ.

ಅತಿಥಿಗಳು ಇರುವಾಗ ಪಾತ್ರೆ ತೊಳೆಯಲು ನಿಲ್ಲಬೇಡಿ, ನೆನೆಹಾಕಿ ಬನ್ನಿ. ಉಳಿದ ಅಡುಗೆಯನ್ನು ಮಾತ್ರ ಸಿಹಿ ಬಡಿಸುವ ಹೊತ್ತಿಗೇ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿಗಿಡಿ. ಯಾರಿಗಾದರೂ ಕಟ್ಟಿಕೊಡುವುದಿದ್ದರೆ ಅವರು ಹೊರಡುವಾಗ ಫ್ರಿಜ್ಜಿನಿಂದಲೇ ತೆಗೆದುಕೊಡಿ. ಎರಡು ಗಂಟೆಗಿಂತ ಹೆಚ್ಚು ಮೇಜಿನ ಮೇಲಿದ್ದ ಅನ್ನವನ್ನು ಕಟ್ಟಿಕೊಡಬೇಡಿ.