ಬೇಸಗೆಯಲ್ಲಿ ಸೆಸ್ನಾ: ಆಯಿಲ್ ಕಾಯದಂತೆ ನೋಡಿಕೊಳ್ಳುವುದು ಹೇಗೆ?

ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಡಾಂಬರಿನ ಮೇಲೆ ನಿಂತರೆ ಝಳ ಕಾಲಡಿಯಿಂದ ಮುಖಕ್ಕೆ ಬಡಿಯುತ್ತದೆ. 40 ಡಿಗ್ರಿಯ ಆ ಗಾಳಿಯೇ ಸಣ್ಣ ವಿಮಾನದ ಎಂಜಿನ್ನನ್ನು ತಣಿಸಬೇಕು. ಸೆಸ್ನಾ 172 ಎಸ್ ವಿಮಾನದ ಲೈಕಮಿಂಗ್ ಎಂಜಿನ್ನಿಗೆ ಕಾರಿನಂತೆ ನೀರಿನ ರೇಡಿಯೇಟರ್ ಇಲ್ಲ. ಅದರ ಆಯಿಲ್ ಉಷ್ಣತೆಯ ಕೆಂಪು ಗೆರೆ, ಅಂದರೆ ಮೀರಬಾರದ ಮಿತಿ, 245 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 118 ಸೆಲ್ಸಿಯಸ್. ಅಷ್ಟು ಕಾದರೆ ಆಯಿಲ್ ನೀರಿನಂತೆ ತೆಳುವಾಗಿ, ಬೇರಿಂಗ್‌ಗಳನ್ನು ಕಾಪಾಡುವ ಪದರವೇ ದುರ್ಬಲವಾಗುತ್ತದೆ.

ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ನೋಡಿ. ಸಂಪ್, ಅಂದರೆ ಎಂಜಿನ್ನಿನ ಆಯಿಲ್ ತೊಟ್ಟಿ, ಹಿಡಿಯುವುದು 8 ಕ್ವಾರ್ಟ್ (ಒಂದು ಕ್ವಾರ್ಟ್ ಲೀಟರಿಗಿಂತ ತುಸು ಕಡಿಮೆ). 5ಕ್ಕಿಂತ ಕಡಿಮೆಯಿದ್ದರೆ ಹಾರಲೇಬಾರದು. ಸುಡುಬಿಸಿಲಿನಲ್ಲಿ 5 ಕೂಡ ಸಾಲದೆಂಬುದು ನನ್ನ ಅಭಿಪ್ರಾಯ. ಕಡಿಮೆ ಆಯಿಲ್ ಮತ್ತೆ ಮತ್ತೆ ಸುತ್ತುತ್ತಾ, ಆರಲು ಬಿಡುವಿಲ್ಲದೆ ಬೇಗ ಕಾಯುತ್ತದೆ.

ಆಮೇಲೆ ಗಾಳಿಯ ದಾರಿ. ಮೂತಿಯ ಎರಡೂ ತೂತುಗಳಿಗೆ ಟಾರ್ಚ್ ಬಿಡಿ. ಎರಡೇ ದಿನ ನಿಂತಿದ್ದ ವಿಮಾನದೊಳಗಿಂದ ಗೊರವಂಕ ತಂದು ತುರುಕಿದ್ದ ಒಂದು ಬೊಗಸೆ ಹುಲ್ಲನ್ನು ನಾನೇ ಹೊರತೆಗೆದಿದ್ದೇನೆ. ಗಾಳಿಯನ್ನು ಸಿಲಿಂಡರುಗಳತ್ತ ತಿರುಗಿಸುವ ತಗಡುಗಳಾದ ಬ್ಯಾಫಲ್‌ಗಳ ರಬ್ಬರ್ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಅದು ಹರಿದಿದ್ದರೆ ಅಥವಾ ಹಿಂದಕ್ಕೆ ಮಡಚಿದ್ದರೆ ಗಾಳಿ ಸಿಲಿಂಡರುಗಳ ನಡುವೆ ನುಗ್ಗದೆ ಸೋರಿಹೋಗುತ್ತದೆ.

ಎಂಜಿನ್ ಚಾಲೂ ಮಾಡಿದ ಮೇಲೆ ಮೂತಿ ಗಾಳಿಗೆ ಎದುರಾಗಿರಲಿ. ಹಾರುವ ಮುನ್ನ ನೆಲದಲ್ಲೇ ಎಂಜಿನ್ ಪರೀಕ್ಷಿಸುವ ರನ್-ಅಪ್ ಚುಟುಕಾಗಿ ಮುಗಿಸಿ.

ನಿಜವಾದ ಪರೀಕ್ಷೆ ಮೇಲೇರುವಾಗ. ಪೂರ್ಣ ಥ್ರಾಟಲ್, ಎತ್ತಿದ ಮೂತಿ, ಕಡಿಮೆ ವೇಗ: ಶಾಖ ಹೆಚ್ಚು, ಗಾಳಿ ಕಡಿಮೆ. ಅತಿ ಬೇಗ ಎತ್ತರ ಗಳಿಸುವ ವೇಗ ಸಮುದ್ರಮಟ್ಟದಲ್ಲಿ 74 ನಾಟ್ (ಗಂಟೆಗೆ ಸುಮಾರು 137 ಕಿ.ಮೀ.). ಮರ, ಕಂಬಗಳನ್ನು ದಾಟಿದೊಡನೆ ಮೂತಿ ತಗ್ಗಿಸಿ 80–85 ನಾಟ್‌ಗೆ ಬನ್ನಿ. ಏರುವಿಕೆ ಸ್ವಲ್ಪ ನಿಧಾನವಾದರೂ ಎಂಜಿನ್ ಉಸಿರಾಡುತ್ತದೆ. ಮಿಕ್ಸ್ಚರ್ ತೆಳು ಮಾಡಲು, ಅಂದರೆ ಗಾಳಿಯೊಡನೆ ಬೆರೆಯುವ ಇಂಧನ ಕಡಿಮೆ ಮಾಡಲು, ಅವಸರಿಸಬೇಡಿ. ಹೆಚ್ಚುವರಿ ಇಂಧನವೂ ಸಿಲಿಂಡರನ್ನು ತಣಿಸುತ್ತದೆ. ಪ್ರತಿ 1,000 ಅಡಿಗೆ ಹೊರಗಿನ ಗಾಳಿ ಸುಮಾರು 2 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುವುದೂ ನೆರವಿಗೆ ಬರುತ್ತದೆ. ಸೆಸ್ನಾ 182ರಂತೆ ಕೌಲ್ ಫ್ಲ್ಯಾಪ್ (ಎಂಜಿನ್ನಿನ ಬಿಸಿಗಾಳಿ ಹೊರಬಿಡುವ ಕದ) ಇರುವ ವಿಮಾನವಾದರೆ ಅದು ತೆರೆದಿರಲಿ.

ಆದರೂ ಆಯಿಲ್ ಉಷ್ಣತೆಯ ಮುಳ್ಳು ಕೆಂಪಿನತ್ತ ಸರಿದರೆ ಅದೊಂದನ್ನೇ ನೋಡುತ್ತಾ ಕೂರಬೇಡಿ, ಪಕ್ಕದ ಆಯಿಲ್ ಒತ್ತಡವನ್ನೂ ಓದಿ. ಒತ್ತಡ ಸ್ಥಿರವಾಗಿದ್ದರೆ ಏರುವುದನ್ನು ನಿಲ್ಲಿಸಿ, ಮಟ್ಟವಾಗಿ ಹಾರುತ್ತಾ ಶಕ್ತಿ ತಗ್ಗಿಸಿ, ವೇಗ ಹೆಚ್ಚಲು ಬಿಡಿ. ಮುಳ್ಳು ಇಳಿಯದಿದ್ದರೆ ಹಿಂತಿರುಗಿ. ಉಷ್ಣತೆ ಏರುತ್ತಾ ಒತ್ತಡ ಕುಸಿಯುತ್ತಿದ್ದರೆ ಎಂಜಿನ್ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಆಗ ಕೂಡಲೇ ಶಕ್ತಿ ಇಳಿಸಿ ಹತ್ತಿರದ ರನ್‌ವೇ ಹಿಡಿಯಿರಿ. ಅದು ದೂರವಿದ್ದರೆ ಇಳಿಯಲು ತಕ್ಕ ಬಯಲನ್ನು ಆರಿಸಿಕೊಳ್ಳಿ.

ತಂಪು ಮುಂಜಾನೆಯಲ್ಲೂ ಮುಳ್ಳು ಮೇಲೆಯೇ ಇದ್ದರೆ ಬಿಸಿಲನ್ನು ದೂರಬೇಡಿ. ಆಯಿಲ್ 85 ಸೆಲ್ಸಿಯಸ್ ಸಮೀಪಿಸಿದಾಗ ಅದನ್ನು ಕೂಲರ್ ಕಡೆಗೆ ತಿರುಗಿಸುವ ವರ್ನಾಥರ್ಮ್ ಕವಾಟ ಕೆಟ್ಟಿರಬಹುದು. ಹೊರಗಿನ ಉಷ್ಣತೆ, ಎತ್ತರ, ವೇಗ, ಒತ್ತಡ ಇಷ್ಟನ್ನೂ ಬರೆದು ಎಂಜಿನಿಯರ್ ಕೈಗೆ ಕೊಡಿ. ಅವರು ನೋಡಿ ಒಪ್ಪುವವರೆಗೆ ಆ ವಿಮಾನ ನೆಲದ ಮೇಲೆಯೇ ಇರಲಿ.