ಬಾಚಣಿಗೆ ಎತ್ತಿಡಿ, ಜಟೆ ತಾನಾಗಿ ಬರಲಿ

ಗೋಕರ್ಣದ ಕಡಲ ಕಿನಾರೆಯಲ್ಲಿ ಒಂದು ಮಧ್ಯಾಹ್ನ ಕೂತೆದ್ದರೆ ತಲೆ ತುಂಬ ಜಟೆ ಮಾಡಿಕೊಡುವವರು ಸಿಗುತ್ತಾರೆ. ಕ್ರೋಶಾ ಕಡ್ಡಿಯಿಂದ ಚುಚ್ಚಿ ಚುಚ್ಚಿ ಕೂದಲನ್ನು ಗಂಟಾಗಿಸಿ ಮೇಲೆ ಮೇಣ ಸವರುತ್ತಾರೆ. ನಾನೂ ಒಮ್ಮೆ ಕೂತೆ. ಎದ್ದಾಗ ಚೆನ್ನಾಗಿಯೇ ಇತ್ತು. ಮಲೆನಾಡಿನ ಮನೆಗೆ ಮರಳಿ ಜೂನ್ ಕಳೆಯುವಷ್ಟರಲ್ಲಿ ಮೇಣಕ್ಕೆ ದೂಳು ಹತ್ತಿ, ಒಳಗೆ ನೀರು ನಿಂತು, ತಲೆ ಒಣಗದ ಕಂಬಳಿಯ ಹಾಗೆ ನಾರತೊಡಗಿತು. ನಾಗರಪಂಚಮಿಗೆ ಮೊದಲೇ ಕ್ಷೌರದಂಗಡಿಯಲ್ಲಿ ಎಲ್ಲವನ್ನೂ ಇಳಿಸಿ ಬಂದೆ. ಈಗ ತಲೆಯ ಮೇಲಿರುವುದು ಎರಡನೆಯ ಬೆಳೆ. ಮೂರು ವರ್ಷದ್ದು. ಇದಕ್ಕೆ ನಾನು ಪೇಟೆಯಿಂದ ಏನನ್ನೂ ಕೊಂಡಿಲ್ಲ.

ಜಟೆ ಹೇಗೆ ಆಗುತ್ತದೆ ಎಂಬುದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಯಾರ ತಲೆಯಿಂದಾದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚುವವರಿಗೆ ಅವು ಬಾಚಣಿಗೆಯಲ್ಲಿ ಸಿಗುತ್ತವೆ. ಬಾಚದವರ ತಲೆಯಲ್ಲಿ ಪಕ್ಕದ ಕೂದಲಿಗೆ ಸುತ್ತಿಕೊಂಡು ಅಲ್ಲೇ ಉಳಿಯುತ್ತವೆ. ಕೂದಲಿನ ಮೇಲೆ ಹೆಂಚು ಹೊದಿಸಿದಂತೆ ಕಣ್ಣಿಗೆ ಕಾಣದ ಪದರಗಳಿರುತ್ತವೆ. ಅವು ಒಂದಕ್ಕೊಂದು ಕಚ್ಚಿಕೊಂಡು ಸಿಕ್ಕು ಬಿಗಿಯಾಗುತ್ತದೆ. ಒಗೆದ ಉಣ್ಣೆ ಮೆತ್ತಿಕೊಳ್ಳುವುದೂ ಹೀಗೆಯೇ. ಆಫ್ರಿಕಾ ಮೂಲದವರ ಬಿಗಿ ಸುರುಳಿಯ ಕೂದಲಿಗೆ ಇದು ಸುಲಭ. ನಮ್ಮಲ್ಲಿ ಹೆಚ್ಚಿನವರದು ನೇರ ಇಲ್ಲವೇ ಅಲೆಯಲೆಯಾದ ಕೂದಲು, ಒಂದೂವರೆ ಎರಡು ವರ್ಷ ಹಿಡಿಯುತ್ತದೆ.

1930ರ ದಶಕದಲ್ಲಿ ಜಮೈಕಾದಲ್ಲಿ ಹುಟ್ಟಿದ ರಾಸ್ತಫಾರಿ ಪಂಥದವರು ಇದನ್ನು ವ್ರತವಾಗಿ ಬೆಳೆಸುತ್ತಾರೆ. ವ್ರತ ತೊಟ್ಟವನ ತಲೆಗೆ ಕ್ಷೌರದ ಕತ್ತಿ ತಾಗಬಾರದೆಂಬ ಬೈಬಲ್ಲಿನ ಅರಣ್ಯಕಾಂಡದ 6ನೆಯ ಅಧ್ಯಾಯದ ಮಾತು ಅವರಿಗೆ ಆಧಾರ. ಟೀ ಶರ್ಟುಗಳ ಮೇಲಿನ ಬಾಬ್ ಮಾರ್ಲಿಯ ತಲೆ ಆ ದಾರಿಯದು. ನಮ್ಮ ಕಡೆ ಶಿವನಿಂದ ಹಿಡಿದು ಕುಂಭಮೇಳದ ನಾಗಾ ಸಾಧುಗಳವರೆಗೆ ಜಟಾಧಾರಿಗಳಿಗೆ ಬರವಿಲ್ಲ. ಗಂಗೆಯನ್ನು ಹಿಡಿದಿಡಲು ಶಿವ ಮೇಣದ ಡಬ್ಬಿ ತೆರೆದ ಎಂದು ಯಾವ ಪುರಾಣವೂ ಹೇಳುವುದಿಲ್ಲ.

ಶುರು ಮಾಡುವ ಮುನ್ನ

ಕೂದಲು ಗೇಣುದ್ದವಾದರೂ ಇರಲಿ. ಗಿಡ್ಡವಾಗಿದ್ದರೆ ಕಾಯಿರಿ, ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೊಟ್ಟು, ಹೇನು, ಹುಳುಕಡ್ಡಿ ಏನಿದ್ದರೂ ಈಗಲೇ ಗುಣ ಮಾಡಿಕೊಳ್ಳಿ. ಜಟೆಯೊಳಗೆ ಹೊಕ್ಕ ಹೇನನ್ನು ಹಣಿಗೆಯಿಂದ ತೆಗೆಯಲಾಗದು.

ಆಮೇಲೆ ಬಾಚುವುದನ್ನು ನಿಲ್ಲಿಸಿ. ಮೊದಲ ಹೆಜ್ಜೆ ಇಷ್ಟೇ.

ತೊಳೆಯುವುದು

ಜಟೆ ಬೇಕಾದವರು ತಲೆ ತೊಳೆಯಬಾರದು ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಜಿಡ್ಡುಗಟ್ಟಿದ ಕೂದಲು ಜಾರುತ್ತದೆ, ಶುಚಿಯಾದ ಕೂದಲು ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆ, ಬೆವರು ಹೆಚ್ಚಿದ್ದರೆ ಎರಡು ಸಲ ತೊಳೆಯಬೇಕು.

ಯಾವುದರಿಂದ ತೊಳೆಯುವುದು ಎಂಬಲ್ಲಿ ಮಾತ್ರ ನಮ್ಮ ಮನೆಗಳ ಅಭ್ಯಾಸ ಅಡ್ಡ ಬರುತ್ತದೆ. ದಾಸವಾಳದ ಸೊಪ್ಪಿನ ಗೊಂಪು ಸಿಕ್ಕು ಬಿಡಿಸಲೆಂದೇ ಇರುವುದು, ಆದ್ದರಿಂದ ಬೇಡ. ಸೀಗೆಪುಡಿಯ ತರಿ ಜಟೆಯೊಳಗೆ ಕೂತರೆ ಹೊರಬರುವುದಿಲ್ಲ. ಕಡಲೆಹಿಟ್ಟಂತೂ ಬೇಡವೇ ಬೇಡ. ಮೈಗೆ ಹಚ್ಚುವ ಸಾಬೂನು ಕೊಳವೆಬಾವಿಯ ಗಡಸು ನೀರಿನೊಡನೆ ಸೇರಿ ಬಿಳಿ ಗಸಿಯಾಗಿ ಅಂಟಿಕೊಳ್ಳುತ್ತದೆ. ಉಳಿಯುವುದು ಅಂಟುವಾಳ. ಎಂಟು ಹತ್ತು ಕಾಯಿಗಳ ಬೀಜ ತೆಗೆದು ಅರ್ಧ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಈ ನೀರನ್ನು ನೆತ್ತಿಗೆ ಹಾಕಿ ಬೆರಳ ತುದಿಯಿಂದ ಬುಡವನ್ನು ಮಾತ್ರ ಉಜ್ಜಿ. ಇಳಿದು ಹೋಗುವ ನೊರೆಯೇ ತುದಿಯನ್ನು ತೊಳೆಯುತ್ತದೆ. ಕಣ್ಣು ಮುಚ್ಚಿಕೊಂಡಿರಿ, ಅಂಟುವಾಳದ ಉರಿ ಹೇಗಿರುತ್ತದೆಂದು ನಮ್ಮ ತಲೆಮಾರಿಗೆ ಮರೆತುಹೋಗಿದೆ. ಕೊನೆಗೆ ಬೊಗಸೆಗಟ್ಟಲೆ ಬರೀ ನೀರು.

ತಲೆಗೆ ಎಣ್ಣೆ ಹಚ್ಚುವುದೂ ನಿಲ್ಲಬೇಕು. ನೆತ್ತಿ ತೀರಾ ಒಣಗಿ ತುರಿಸಿದರೆ ಬೆರಳಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಮುಟ್ಟಿಸಿ ಬುಡಕ್ಕೆ ಒತ್ತಿದರೆ ಸಾಕು. ನರಕ ಚತುರ್ದಶಿಯ ದಿನ ಎಣ್ಣೆಯ ಗಿಂಡಿ ಹಿಡಿದು ಬರುವ ಹಿರಿಯರಿಂದ ತಪ್ಪಿಸಿಕೊಳ್ಳುವ ಉಪಾಯವನ್ನು ನೀವೇ ಹುಡುಕಿಕೊಳ್ಳಬೇಕು.

ಒಣಗಿಸುವುದು

ತೊಳೆಯುವುದು ಬೆಳಿಗ್ಗೆಯೇ ಆಗಲಿ. ಹತ್ತಿಯ ಟವೆಲಿನಲ್ಲಿ ಜಟೆಯನ್ನು ಬಟ್ಟೆ ಹಿಂಡಿದಂತೆ ಹಿಂಡಿ, ಬಿಸಿಲಿಗೆ ಬಿಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಎರಡು ಬೆರಳಲ್ಲಿ ಒತ್ತಿದಾಗ ತಂಪು ಹತ್ತಿದರೆ ಇನ್ನೂ ಆಗಿಲ್ಲವೆಂದೇ ಲೆಕ್ಕ. ಒದ್ದೆ ತಲೆಯನ್ನು ಕಟ್ಟಿಕೊಂಡು ಮಲಗಿದರೆ ಒಳಗೆ ಬೂಸು ಹಿಡಿಯುತ್ತದೆ. ವಾಸನೆ ಶುರುವಾದರೆ ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ವಿನೆಗರ್ ಬೆರೆಸಿ ಜಟೆ ಅದ್ದಿ, ತೊಳೆದು, ಪೂರ್ತಿ ಒಣಗಿಸಿ. ಆಗಲೂ ಹೋಗದಿದ್ದರೆ ಆ ಒಂದು ಎಳೆಯನ್ನು ಕತ್ತರಿಸಿ ಬಿಡಿ. ಆಷಾಢದ ಮಳೆಯಲ್ಲಿ ನಾನು ಹತ್ತು ದಿನಕ್ಕೊಮ್ಮೆ ಮಾತ್ರ ತೊಳೆದು, ಫ್ಯಾನಿನ ಕೆಳಗೆ ಪುಸ್ತಕ ಹಿಡಿದು ಕೂರುತ್ತೇನೆ. ಬಚ್ಚಲ ಒಲೆಯ ಮುಂದೆ ಕೂರಬೇಡಿ, ಹೊಗೆಯ ವಾಸನೆ ತಿಂಗಳಾದರೂ ಹೋಗುವುದಿಲ್ಲ.

ಬಿಡಿಸುವುದು

ಕೈ ಹಾಕಬೇಕಾದ ಕೆಲಸ ಇದೊಂದೇ. ಸುಮ್ಮನೆ ಬಿಟ್ಟರೆ ತಲೆಯೆಲ್ಲ ಸೇರಿ ಬೆನ್ನ ಮೇಲೆ ಒಂದೇ ಹಲಗೆಯಾಗುತ್ತದೆ. ಆದ್ದರಿಂದ ಪ್ರತಿ ಸಲ ತೊಳೆದ ಮೇಲೆ, ಇನ್ನೂ ಸ್ವಲ್ಪ ತೇವವಿರುವಾಗ, ಬುಡದಲ್ಲಿ ಕೂಡಿಕೊಂಡ ಎರಡು ಎಳೆಗಳನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಹಳೆಯ ಪಂಚೆ ಹರಿದಂತೆ ಚರ್ ಎಂದು ಸಣ್ಣ ಸದ್ದಾಗುತ್ತದೆ, ಅಷ್ಟೇ. ನೋವಾದರೆ ಎಳೆದದ್ದು ಹೆಚ್ಚಾಯಿತು. ಪ್ರತಿ ಎಳೆಯ ಬುಡ ಹೆಬ್ಬೆರಳಿನಷ್ಟಾದರೂ ಅಗಲವಿರಲಿ. ತೀರಾ ಸಪೂರವಾದರೆ ಮುಂದೆ ಭಾರ ತಡೆಯದೆ ಕಿತ್ತು ಬರುತ್ತದೆ. ಎಲ್ಲವೂ ಒಂದೇ ಗಾತ್ರ ಇರಬೇಕೆಂಬ ಹಟ ಬೇಡ, ಅದು ಅಂಗಡಿಯ ಜಟೆಯ ಲಕ್ಷಣ.

ಬಿಗಿಯಾಗಿ ತಿರುಚುವುದು, ರಬ್ಬರ್ ಬ್ಯಾಂಡ್ ಹಾಕುವುದು, ಎತ್ತಿ ಕಟ್ಟುವುದು ಯಾವುದೂ ಬೇಡ. ಬುಡವನ್ನು ದಿನವೂ ಜಗ್ಗಿದರೆ ಹಣೆಯ ಅಂಚಿನ ಕೂದಲು ಉದುರುತ್ತದೆ, ಬಹಳ ಕಾಲ ಜಗ್ಗಿದಲ್ಲಿ ಮತ್ತೆ ಹುಟ್ಟುವುದೂ ಇಲ್ಲ.

ಕಾಯುವುದು

ನನ್ನ ಮೊದಲ ಗಂಟು ಎಡಗಿವಿಯ ಹಿಂದೆ, ತುದಿಯಿಂದ ನಾಲ್ಕು ಬೆರಳು ಮೇಲೆ, ಐದನೆಯ ವಾರದಲ್ಲಿ ಸಿಕ್ಕಿತು. ಕಾಳುಮೆಣಸಿನಷ್ಟು ದಪ್ಪ, ಒತ್ತಿದರೆ ಮೆತ್ತಗೆ. ಮೂರನೆಯ ತಿಂಗಳಿಗೆ ಅದು ಹುಣಿಸೆಬೀಜದಷ್ಟಾಗಿತ್ತು. ಉಳಿದ ತಲೆ ಮಾತ್ರ ಹಾಗೇ ಹರಡಿಕೊಂಡಿತ್ತು. “ತಮ್ಮಾ, ಗುಬ್ಬಿ ಗೂಡು ಕಟ್ಟಿದರೂ ಇದಕ್ಕಿಂತ ನೀಟಾಗಿ ಕಟ್ಟುತ್ತದೆ” ಎಂದಿದ್ದರು ಅಜ್ಜಿ. ಆರರಿಂದ ಹನ್ನೆರಡನೆಯ ತಿಂಗಳ ನಡುವೆ ಎಳೆಗಳು ಮುದುರಿ, ಕೊಂಕಿ, ಗಿಡ್ಡವಾಗುತ್ತವೆ. ಹೆಗಲು ಮುಟ್ಟುತ್ತಿದ್ದ ನನ್ನ ಕೂದಲು ಕಿವಿಗೆ ಏರಿತು. ಬಹಳ ಮಂದಿ ಸೋತು ಕತ್ತರಿ ಹಿಡಿಯುವುದು, ಇಲ್ಲವೇ ಮೇಣ ಕೊಳ್ಳುವುದು ಈ ಹೊತ್ತಿನಲ್ಲಿ. ಮದುವೆಮನೆಗೆ ಹೋಗಬೇಕಾದರೆ ಹತ್ತಿಯ ವಸ್ತ್ರವೊಂದನ್ನು ಸಡಿಲವಾಗಿ ಸುತ್ತಿಕೊಳ್ಳಿ.

ಬೇಡವೆನಿಸಿದರೆ

ಸವದತ್ತಿ ಎಲ್ಲಮ್ಮನ ಸೀಮೆಯಲ್ಲಿ ಇದನ್ನು ಜಡೆ ಎಂದೇ ಕರೆಯುತ್ತಾರೆ. ಹುಡುಗಿಯ ತಲೆಯಲ್ಲಿ ಸಿಕ್ಕು ಬಿಗಿದರೆ ದೇವಿ ಕರೆದಳೆಂದು ಭಂಡಾರ ಹಚ್ಚಿ, ಆಕೆಯನ್ನು ದೇವದಾಸಿಯಾಗಿ ಬಿಡುತ್ತಿದ್ದ ಕಾಲವಿತ್ತು. ಹಾಗೆ ಬಿಡುವುದನ್ನು ಕರ್ನಾಟಕದ 1982ರ ಕಾಯ್ದೆಯೇ ಅಪರಾಧವೆಂದು ಸಾರಿತು. ಆದರೂ ಜಡೆ ಕತ್ತರಿಸಿದರೆ ಕೇಡೆಂಬ ಭಯ ಕೆಲವರಲ್ಲಿ ಉಳಿದಿದೆ. ನಾನು ಬೇಕೆಂದು ಎರಡು ವರ್ಷ ಕಾದು ಪಡೆದದ್ದೂ ಆ ಹುಡುಗಿಯರ ತಲೆಯಲ್ಲಿ ಬೇಡದೆ ಬಂದದ್ದೂ ಒಂದೇ: ಬಾಚದ ಕೂದಲ ಸಿಕ್ಕು. ನನ್ನ ಮೊದಲ ಬೆಳೆಯನ್ನು ಇಳಿಸಿದಾಗ ಕಳೆದುಕೊಂಡದ್ದು ಕ್ಷೌರದ ದುಡ್ಡು ಮಾತ್ರ.

ಪೂರ್ತಿ ಬೋಳಿಸಲು ಮನಸ್ಸಿಲ್ಲದಿದ್ದರೆ ಬುಡದಿಂದ ಐದಾರು ಬೆರಳು ಬಿಟ್ಟು ಕತ್ತರಿಸಿ. ಇಷ್ಟು ದಿನ ದೂರವಿಟ್ಟ ಕೊಬ್ಬರಿ ಎಣ್ಣೆಯನ್ನು ಈಗ ಧಾರಾಳವಾಗಿ ಹಚ್ಚಿ ಒಂದು ರಾತ್ರಿ ನೆನೆಯಲು ಬಿಡಿ. ಮರುದಿನ ದಪ್ಪ ಹಲ್ಲಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಒಂದೊಂದೇ ಅಂಗುಲ ಬಿಡಿಸುತ್ತ ಬುಡಕ್ಕೆ ಬನ್ನಿ. ಎರಡು ಮೂರು ದಿನ ಹಿಡಿಯಬಹುದು, ಜೊತೆಗೊಬ್ಬರಿದ್ದರೆ ಒಳ್ಳೆಯದು. ಮುಷ್ಟಿಗಟ್ಟಲೆ ಕೂದಲು ಕೈಗೆ ಬರುತ್ತದೆ. ಗಾಬರಿಯಾಗಬೇಡಿ, ಅದು ದಿನಕ್ಕೆ ನೂರರಂತೆ ಹಿಂದೆಂದೋ ಉದುರಿ ಒಳಗೇ ಉಳಿದಿದ್ದ ಕೂದಲು.