ಪುಣೆಯ ಫ್ಲ್ಯಾಟಿನಲ್ಲಿ ರಾಮನವಮಿಯ ಪಾನಕ, ಕೋಸಂಬರಿ

ರಾಮನವಮಿಗೆ ಏನು ಮಹಾ ಅಡುಗೆ, ಒಲೆಯನ್ನೇ ಹಚ್ಚಬೇಕಿಲ್ಲವಲ್ಲ ಅನ್ನುವವರು ಪಾನಕ ಕುಡಿದವರೇ ಹೊರತು ಮಾಡಿದವರಲ್ಲ. ಹೋಳಿಗೆ ಸ್ವಲ್ಪ ಕೆಟ್ಟರೆ ಮೇಲೆ ತುಪ್ಪ ಸುರಿದು ಬಚಾವಾಗಬಹುದು. ಪಾನಕದಲ್ಲಿ ನೀರು, ಬೆಲ್ಲ, ಹುಳಿ, ಖಾರ ನಾಲ್ಕೂ ಬಯಲಲ್ಲೇ ನಿಂತಿರುತ್ತವೆ. ಕೊತ್ರೂಡಿನ ನಮ್ಮ ಮನೆಯಲ್ಲಿ ಪ್ರತಿ ವರ್ಷ ನಮ್ಮ ಕಟ್ಟಡದವರು, ಸುತ್ತಲಿನ ಕನ್ನಡದ ಮನೆಯವರು ಎಲ್ಲ ಸೇರಿ 40 ಜನಕ್ಕೆ ಪಾನಕ, ಕೋಸಂಬರಿ, ನೀರು ಮಜ್ಜಿಗೆ ಮಾಡುತ್ತೇನೆ. ಯಾವುದನ್ನು ಮೊದಲೇ ಮಾಡಿಡಬೇಕು, ಯಾವುದನ್ನು ಕೊನೆಯ ಹತ್ತು ನಿಮಿಷಕ್ಕೆ ಬಿಡಬೇಕು ಅನ್ನುವುದು ಗೊತ್ತಿದ್ದರೆ ಒಬ್ಬಳೇ ನಿಭಾಯಿಸಬಹುದು.

ಮೊದಲು ಬೆಲ್ಲ. ಮೈಸೂರಿನ ತವರಿನಲ್ಲಿ ಮಂಡ್ಯದ ಬೆಲ್ಲ ಕಂಡವಳು ನಾನು. ಇಲ್ಲಿ ಸಿಗುವುದು ಕೊಲ್ಹಾಪುರದ್ದು, ದೊಡ್ಡ ಢೇಪು, ಅಂದರೆ ಗಟ್ಟಿ ಹೆಂಟೆ. ನೋಡಲು ಹೊಂಬಣ್ಣ ಬೇಕೆಂದು ಹಲವು ಕಡೆ ಪಾಕಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುತ್ತಾರೆ. ಹಾಗಾಗಿ ತೀರಾ ಹಳದಿಯಾಗಿ ಹೊಳೆಯುವುದನ್ನು ನಾನು ಮುಟ್ಟುವುದಿಲ್ಲ. ಮಾರ್ಕೆಟ್ ಯಾರ್ಡಿನ ಭುಸಾರ (ದವಸಧಾನ್ಯದ) ಅಂಗಡಿಗಳಲ್ಲಿ ಕಂದು ಬಣ್ಣದ್ದನ್ನು ಕೇಳಿ, ತುದಿ ಮುರಿದು ಬಾಯಿಗೆ ಹಾಕಿಕೊಂಡು ನೋಡುತ್ತೇನೆ. ನಾಲಿಗೆಗೆ ಉಪ್ಪುಪ್ಪು ಅನ್ನಿಸಿದರೆ ಪಕ್ಕದ ಅಂಗಡಿ. ಪಾನಕಕ್ಕೆ ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ನನ್ನ ಲೆಕ್ಕ. 200 ಗ್ರಾಂ ಹಾಕುವವರಿದ್ದಾರೆ, ಆದರೆ ಎರಡನೆಯ ಲೋಟ ಯಾರೂ ಕೇಳುವುದಿಲ್ಲ. 40 ಜನಕ್ಕೆ ಎಂಟು ಲೀಟರ್ ಪಾನಕ ಬೇಕು, ಅಂದರೆ 1.2 ಕೆಜಿ ಬೆಲ್ಲ. ಹಿಂದಿನ ರಾತ್ರಿಯೇ ಇದನ್ನು ಪುಡಿ ಮಾಡಿ, ಒಂದು ಲೀಟರ್ ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಕುದಿಸಬಾರದು, ಕುದಿಸಿದರೆ ಪಾಕದ ವಾಸನೆ ಬಂದುಬಿಡುತ್ತದೆ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿದರೆ ಕಬ್ಬಿನ ಸಿಪ್ಪೆ, ಮರಳು ಎಲ್ಲ ಮೇಲೆಯೇ ನಿಲ್ಲುತ್ತದೆ.

ಹುಳಿಗೆ ನಿಂಬೆಹಣ್ಣು ಹಿಂಡುವುದು ಸುಲಭ. ಸುಲಭ ಅನ್ನುವುದೇ ಅದರ ದೋಷ ಎಂದು ನನ್ನ ಅಭಿಪ್ರಾಯ. ನಿಜವಾದ ಪಾನಕ ಬೇಲದ ಹಣ್ಣಿನದು. ಇಲ್ಲಿಯವರ ಕವಠ ಅದೇ ಹಣ್ಣು, ಆದರೆ ಇಲ್ಲಿಯ ತರಕಾರಿ ಮಾರುಕಟ್ಟೆ ಮಂಡಈಯಲ್ಲಿ ಅದು ರಾಶಿ ಬೀಳುವುದು ಮಹಾಶಿವರಾತ್ರಿಯ ಹೊತ್ತಿಗೆ. ಮರಾಠಿ ಮನೆಗಳಲ್ಲಿ ಅಂದು ಅದಕ್ಕೆ ಬೆಲ್ಲ ಸೇರಿಸಿ ಚಟ್ನಿ ಮಾಡುತ್ತಾರೆ. ಶಿವರಾತ್ರಿಗೂ ರಾಮನವಮಿಗೂ ನಡುವೆ ಸುಮಾರು 40 ದಿನದ ಅಂತರ. ನವಮಿಯ ವಾರದಲ್ಲಿ ಹುಡುಕಲು ಹೋದರೆ ಒಣಗಿದ ನಾಲ್ಕು ಕಾಯಿ ಸಿಕ್ಕಿದರೂ ಪುಣ್ಯ. ಅದಕ್ಕೇ ಶಿವರಾತ್ರಿಯಲ್ಲೇ ಒಂದು ಡಜನ್ ತಂದುಬಿಡುತ್ತೇನೆ. ಬಲಿತಿದೆಯೋ ಇಲ್ಲವೋ ನೋಡಲು ಒಂದಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಎಳೆಯದಾದರೆ ಪುಟಿಯುತ್ತದೆ, ಬಲಿತದ್ದು ಬಿದ್ದಲ್ಲೇ ಕೂರುತ್ತದೆ. (ಅಂಗಡಿಯವನ ಮುಂದೆ ಈ ಪರೀಕ್ಷೆ ಮಾಡುವಾಗ ಸ್ವಲ್ಪ ಧೈರ್ಯ ಬೇಕು.) ಆಮೇಲೆ ಬಾಲ್ಕನಿಯ ಬಿಸಿಲಿನಲ್ಲಿ ಎರಡು ವಾರ ಇಟ್ಟರೆ ಮನೆಗೆಲ್ಲ ಘಮ ಹರಡುತ್ತದೆ. ಒಡೆದು, ತಿರುಳು ಕೆರೆದು, ತೂಕದ ಅರ್ಧದಷ್ಟು ಬೆಲ್ಲ ಬೆರೆಸಿ ಡಬ್ಬಿಯಲ್ಲಿ ತುಂಬಿ ಫ್ರೀಜರಿಗೆ. ನವಮಿಯ ಬೆಳಿಗ್ಗೆ ಹೊರತೆಗೆದು, ನೀರಿನಲ್ಲಿ ಕೈಯಿಂದಲೇ ಕಿವುಚಿ ಸೋಸುತ್ತೇನೆ. ಮಿಕ್ಸಿಗೆ ಹಾಕಿದರೆ ಬೀಜ ನುರಿದು ಕಹಿ, ಒಗರು ಎರಡೂ ಇಳಿಯುತ್ತವೆ. ಡಬ್ಬಿಯಲ್ಲಿದ್ದ ಬೆಲ್ಲವನ್ನು ಲೆಕ್ಕದಲ್ಲಿ ಕಳೆಯುವುದನ್ನು ಮಾತ್ರ ಮರೆಯಬಾರದು.

ಎಲ್ಲರಿಗೂ ಬೇಲದ ಘಾಟು ಹಿಡಿಸುವುದಿಲ್ಲ, ಅದೂ ನಿಜ. ಆದ್ದರಿಂದ ಅರ್ಧ ಬೇಲದ್ದು, ಅರ್ಧ ನಿಂಬೆಯದು ಮಾಡುತ್ತೇನೆ. ಎರಡಕ್ಕೂ ಒಣಶುಂಠಿ ಪುಡಿ ಲೀಟರಿಗೆ ಅರ್ಧ ಟೀ ಚಮಚ, ಏಲಕ್ಕಿ ನಾಲ್ಕು, ಕಾಳುಮೆಣಸು ಎಂಟು ಕುಟ್ಟಿ ಹಾಕುವುದು, ಚಿಟಿಕೆ ಉಪ್ಪು. ಪಚ್ಚಕರ್ಪೂರ ಹಾಕುವುದಾದರೆ ಇಡೀ ಪಾತ್ರೆಗೆ ಸಾಸಿವೆ ಕಾಳಿನಷ್ಟು ಸಾಕು. ಆರತಿಯ ಕರ್ಪೂರ ಬೇರೆ, ಅದು ತಿನ್ನುವಂಥದ್ದಲ್ಲ. ನಿಂಬೆರಸ ಲೀಟರಿಗೆ ಒಂದು ದೊಡ್ಡ ಹಣ್ಣಿನದು, ನೈವೇದ್ಯಕ್ಕೆ ಹತ್ತು ನಿಮಿಷ ಮೊದಲು.

ತಂಪಿಗೆ ಐಸ್ ಹಾಕುವುದಿಲ್ಲ. ಕರಗಿ ರುಚಿ ತೆಳುವಾಗುತ್ತದೆ, ಮುದುಕರಿಗೆ ಹಲ್ಲು ಜುಮ್ಮೆನ್ನುತ್ತದೆ. ಕಸಬಾ ಪೇಟೆಯ ಕುಂಭಾರವಾಡೆಯಿಂದ ತಂದ ಮಣ್ಣಿನ ಮಾಠ ಇದೆ. ಪುಣೆಯ ಬೇಸಿಗೆ ಒಣ ಬೇಸಿಗೆ. ಮಡಕೆಯ ಮೈಯಲ್ಲಿ ಜಿನುಗಿದ ನೀರು ಬೇಗ ಆರುತ್ತದೆ, ಒಳಗಿನದು ಅಷ್ಟೇ ಬೇಗ ತಣ್ಣಗಾಗುತ್ತದೆ. ಮುಂಬಯಿಯ ದಾದರಿನಲ್ಲಿರುವ ನನ್ನ ನಾದಿನಿ ಇಂಥದೇ ಮಡಕೆ ಇಟ್ಟಿದ್ದಾಳೆ, ಕಡಲ ತೇವದ ಗಾಳಿಯಲ್ಲಿ ಅದಕ್ಕೆ ಈ ಚಳಿ ಬರುವುದಿಲ್ಲ. ಆದರೆ ಮಾಠದಲ್ಲಿ ಬರೀ ನೀರು. ಪಾನಕವನ್ನೇ ಅದರಲ್ಲಿಟ್ಟರೆ ಬೆಲ್ಲ ಮಣ್ಣಿನ ರಂಧ್ರಕ್ಕೆ ಇಳಿದು ಹುಳಿಯುತ್ತದೆ, ಆ ವಾಸನೆ ಎಷ್ಟು ತಿಕ್ಕಿದರೂ ಹೋಗದು. ಬೆರೆಸುವುದೆಲ್ಲ ಸ್ಟೀಲ್ ಪಾತ್ರೆಯಲ್ಲೇ.

ಕೋಸಂಬರಿಯ ವಿಷಯದಲ್ಲಿ ನಮ್ಮ ಮನೆ ಎರಡು ಪಕ್ಷ. ನಾನು ಹೆಸರುಬೇಳೆ, ಧಾರವಾಡದ ಕಡೆಯ ನಮ್ಮ ಮನೆಯವರು ಕಡಲೆಬೇಳೆ. ಅವರ ಪಾಲಿಗೆ ಒಂದು ಬಟ್ಟಲು ಬೇರೆಯೇ ಆಗುತ್ತದೆ: ಮೂರು ಗಂಟೆ ನೆನೆದ ಕಡಲೆಬೇಳೆ, ತುರಿದ ಮಾವಿನಕಾಯಿ, ಇಂಗಿನ ಒಗ್ಗರಣೆ. ಹೆಸರುಬೇಳೆ ಮಾತ್ರ ಒಂದು ಗಂಟೆ ಮೀರಬಾರದು. ಉಗುರಿನಲ್ಲಿ ಒತ್ತಿದರೆ ಮುರಿಯಬೇಕು, ಹಿಟ್ಟಾಗಬಾರದು. 40 ಜನಕ್ಕೆ ಒಂದು ಕೆಜಿ ಬೇಳೆ. ನೆನೆದ ಮೇಲೆ ಜರಡಿಯಲ್ಲಿ ಅರ್ಧ ಗಂಟೆ ಬಸಿಯಲು ಬಿಡುವುದು ಬಹಳ ಮುಖ್ಯ, ಆತುರದವರು ಬಿಡುವುದು ಇದನ್ನೇ. ಇಲ್ಲಿ ಸಿಗುವ ಪೂನಾ ಖೀರಾ ಸೌತೆ ಇದಕ್ಕೆ ಚೆನ್ನ. ತೊಟ್ಟಿನ ಕಡೆ ಕಹಿಯಿದೆಯಾ ನೋಡಿ, ಬೀಜ ತೆಗೆದು ಸಣ್ಣಗೆ ಹೆಚ್ಚಬೇಕು. ತೆಂಗಿನತುರಿ, ಹಸಿಮೆಣಸು, ಕೊತ್ತಂಬರಿ ಸೇರಿಸಿ ಇಟ್ಟುಕೊಂಡರೂ ಉಪ್ಪು, ನಿಂಬೆ ಮಾತ್ರ ಬಡಿಸುವ ಹೊತ್ತಿಗೆ. ಉಪ್ಪು ಬಿದ್ದ ಕಾಲು ಗಂಟೆಗೆ ಸೌತೆ ನೀರು ಬಿಟ್ಟು ಕೋಸಂಬರಿ ತಳದಲ್ಲಿ ಈಜುತ್ತದೆ.

ಮಜ್ಜಿಗೆಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲಿನ ಸೆಕೆಯಲ್ಲಿ ಹೆಪ್ಪು ಐದು ಗಂಟೆಗೇ ಕೂರುತ್ತದೆ, ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಹುಳಿ ಹುಳಿ. ಬೆಳಗಿನ ಜಾವ ಎದ್ದು ಫ್ರಿಜ್ಜಿಗೆ ಸೇರಿಸಬೇಕು. ಕಡೆದು ನೀರು ಮಾಡಿ ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ, ಇಂಗು, ಉಪ್ಪು.

ರಾಮ ಹುಟ್ಟಿದ್ದು ನಡುಹಗಲಲ್ಲಿ. ತುಳಶಿಬಾಗಿನ ಪೇಶ್ವೆ ಕಾಲದ ರಾಮಮಂದಿರದಲ್ಲಿ ಹನ್ನೆರಡಕ್ಕೆ ತೊಟ್ಟಿಲು ತೂಗುತ್ತಾರೆ, ಜನ ಕಿಕ್ಕಿರಿದಿರುತ್ತಾರೆ. ನಾವು ಮನೆಯಲ್ಲೇ ಆ ಹೊತ್ತಿಗೆ ನೈವೇದ್ಯ ಮಾಡಿ, ಹನ್ನೆರಡೂವರೆಗೆ ಬಾಗಿಲು ತೆರೆಯುತ್ತೇವೆ. ಎದುರು ಮನೆಯ ಮರಾಠಿ ಅಜ್ಜಿ ಸುಂಠವಡಾ ಹಿಡಿದು ಬರುತ್ತಾರೆ: ಒಣಶುಂಠಿ, ಸಕ್ಕರೆ, ಒಣಕೊಬ್ಬರಿಯ ಪುಡಿ, ಗಂಟಲಿಗೆ ಚುರ್ ಅನ್ನುವಂಥದ್ದು. ಅದನ್ನು ಚಿಟಿಕೆ ಬಾಯಿಗೆ ಹಾಕಿಕೊಂಡು ಮೇಲೆ ಪಾನಕ ಕುಡಿದರೆ ಶುಂಠಿಯ ಮೇಲೆ ಶುಂಠಿ. ಕೋಸಂಬರಿ ಅವರಿಗೆ ಹೊಸದೇನಲ್ಲ. ಚೈತ್ರ ಗೌರಿಯ ಅರಿಶಿನ ಕುಂಕುಮಕ್ಕೆ ಅವರು ಕೊಡುವ ಆಂಬೆ ಡಾಳ್ ನೆನೆದ ಕಡಲೆಬೇಳೆಯನ್ನು ತರಿತರಿಯಾಗಿ ರುಬ್ಬಿ ಮಾವಿನಕಾಯಿ ಸೇರಿಸಿದ್ದು, ಜೊತೆಗೆ ಬೇಯಿಸಿದ ಮಾವಿನಕಾಯಿಯ ಪಾನಕ, ಪನ್ಹೆ. ನಮ್ಮ ಮನೆಯವರು ಅದನ್ನು ತಿಂದು "ನೋಡು, ಕಡಲೆಬೇಳೆನೇ ಸರಿ" ಎಂದು ಪ್ರತಿ ವರ್ಷ ನನ್ನ ಕಡೆ ತಿರುಗುತ್ತಾರೆ.

ಪಾನಕ ಸಂಜೆಯವರೆಗೆ ಇಡುವ ವಸ್ತುವಲ್ಲ. ಮಿಕ್ಕರೆ ಮೂರು ಗಂಟೆಯೊಳಗೆ ವಾಚ್‌ಮನ್, ಇಸ್ತ್ರಿಯವರು, ಮೇಲಿನ ಮಹಡಿಯಲ್ಲಿ ಬಣ್ಣ ಬಳಿಯುವವರು ಎಂದು ಹಂಚಿ ಪಾತ್ರೆ ತೊಳೆದುಬಿಡುತ್ತೇನೆ. ಕೋಸಂಬರಿ ಉಳಿದರೆ ನೀರು ಹಿಂಡಿ, ಅಕ್ಕಿ ಹಿಟ್ಟಿಗೆ ಕಲೆಸಿ ರಾತ್ರಿಗೆ ರೊಟ್ಟಿ ತಟ್ಟುತ್ತೇನೆ. ಉಪ್ಪು ಮತ್ತೆ ಹಾಕಬೇಕಿಲ್ಲ.